ಪಿಟ್ಯುಟರಿ, ಹೈಪೊಥಲಾಮಸ್ ಮತ್ತು ಹಾರ್ಮೋನುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಚಿಕ್ಕಮ್ಮ ಹನ್ನೆರಡು ವರ್ಷಗಳಿಂದ ಥೈರಾಯ್ಡ್ ಮಾತ್ರೆ ನುಂಗುತ್ತಿದ್ದಾರೆ. ಹೋದ ವರ್ಷ ಒಂದು ದಿನ ಲ್ಯಾಬ್ ರಿಪೋರ್ಟ್ ಹಿಡಿದುಕೊಂಡು ಬಂದರು. ಟಿಎಸ್‌ಎಚ್ ಎಂಬ ಸಾಲಿನಲ್ಲಿ 9.8 ಎಂದಿತ್ತು, ಪಕ್ಕದಲ್ಲಿ ಮೇಲ್ಮುಖವಾದ ಬಾಣದ ಗುರುತು. ‘ನೋಡು, ಥೈರಾಯ್ಡ್ ಜಾಸ್ತಿಯಾಗಿದೆ. ಅದಕ್ಕೇ ಒಂದು ವಾರದಿಂದ ಮಾತ್ರೆ ಅರ್ಧ ಮುರಿದು ತೆಗೆದುಕೊಳ್ಳುತ್ತಿದ್ದೇನೆ’ ಎಂದರು. ಅವರ ತರ್ಕದಲ್ಲಿ ತಪ್ಪಿರಲಿಲ್ಲ, ಸಂಖ್ಯೆ ಯಾರದು ಎಂಬುದರಲ್ಲಿ ತಪ್ಪಿತ್ತು. ಟಿಎಸ್‌ಎಚ್ ಥೈರಾಯ್ಡ್ ಗ್ರಂಥಿಯದ್ದಲ್ಲ. ಥೈರಾಯ್ಡ್ ಸಾಲದೆ ಬಂದಾಗ ತಲೆಯೊಳಗಿನ ಪಿಟ್ಯುಟರಿ ಗ್ರಂಥಿ ಹಾಕುವ ಕೂಗು ಅದು. ಕೂಗು ಜೋರಾದಷ್ಟೂ ಥೈರಾಯ್ಡ್ ಹಿಂದೆ ಬಿದ್ದಿದೆ ಎಂದರ್ಥ.

ಅಂದಿನಿಂದ ಮನೆಯವರು, ನೆಂಟರು, ಪಕ್ಕದ ಮನೆಯವರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಕಲೆಹಾಕಿದ್ದೇನೆ. ನಾನು ವೈದ್ಯನಲ್ಲ, ಓದಿ ತಿಳಿದು ಬರೆಯುವವನು. ಇದನ್ನು ಓದಿ ಯಾರೂ ಮಾತ್ರೆ ಮುರಿಯಬೇಡಿ.

ಪಿಟ್ಯುಟರಿ, ಹೈಪೊಥಲಾಮಸ್ ಎರಡೂ ತಲೆಯೊಳಗೆ ಎಲ್ಲಿವೆ?

ಮೂಗಿನ ಬುಡದಿಂದ ನೇರ ಹಿಂದಕ್ಕೆ ಹೋದರೆ, ತಲೆಯ ನಡುಭಾಗದಲ್ಲಿ, ಮಿದುಳಿನ ತಳದ ಮೂಳೆಯಲ್ಲಿ ಒಂದು ಸಣ್ಣ ಗುಳಿ ಇದೆ. ಕುದುರೆಯ ಜೀನಿನಂತೆ ಕಾಣುವುದರಿಂದ ಅದಕ್ಕೆ ‘ತುರ್ಕಿ ಜೀನು’ ಎಂದೇ ಲ್ಯಾಟಿನ್ ಹೆಸರು. ಬಟಾಣಿ ಕಾಳಿನಷ್ಟು ದೊಡ್ಡ, ಅರ್ಧ ಗ್ರಾಮಿನಷ್ಟು ತೂಕದ ಪಿಟ್ಯುಟರಿ ಆ ಗುಳಿಯಲ್ಲಿ ಕೂತಿದೆ. ಅದರ ಮೇಲೆ, ಒಂದು ತೊಟ್ಟಿನ ಮೂಲಕ ಅದಕ್ಕೆ ಅಂಟಿಕೊಂಡಂತೆ ಹೈಪೊಥಲಾಮಸ್. ಸುಮಾರು ನಾಲ್ಕು ಗ್ರಾಮ್ ತೂಗುವ ಇದು ಬೇರೆ ಗ್ರಂಥಿಯೇನಲ್ಲ, ಮಿದುಳಿನದೇ ಒಂದು ತುಣುಕು.

ಪಿಟ್ಯುಟರಿ ಎಂಬ ಹೆಸರು ಬಂದದ್ದು ಒಂದು ತಪ್ಪು ತಿಳಿವಳಿಕೆಯಿಂದ. ಮಿದುಳಿನ ಕಫ ಇದರ ಮೂಲಕ ಸೋರಿ ಮೂಗಿಗೆ ಇಳಿಯುತ್ತದೆ ಎಂದು ಪ್ರಾಚೀನ ವೈದ್ಯ ಗ್ಯಾಲೆನ್ ನಂಬಿದ್ದ. ಲ್ಯಾಟಿನ್ನಿನಲ್ಲಿ ‘ಪಿಟ್ಯುಯಿಟಾ’ ಎಂದರೆ ಕಫ. ನಂಬಿಕೆ ಸುಳ್ಳಾಯಿತು, ಹೆಸರು ಉಳಿಯಿತು. ಮೂಗಿನ ನಂಟು ಮಾತ್ರ ಬೇರೆ ಬಗೆಯಲ್ಲಿ ನಿಜವಾಗಿದೆ. ಇಂದು ಪಿಟ್ಯುಟರಿ ಗೆಡ್ಡೆಯನ್ನು ಶಸ್ತ್ರವೈದ್ಯರು ತೆಗೆಯುವುದು ಹೆಚ್ಚಾಗಿ ಮೂಗಿನ ಹೊಳ್ಳೆಯ ಮೂಲಕವೇ.

ಪಿಟ್ಯುಟರಿ ‘ಗ್ರಂಥಿಗಳ ರಾಜ’ ಎಂದು ಶಾಲೆಯಲ್ಲಿ ಓದಿದ್ದೆವು. ಹೌದೇ?

ನಾನೂ ಹಾಗೆಯೇ ಬಾಯಿಪಾಠ ಮಾಡಿದವನು. ಆದರೆ ಈ ರಾಜ ಮೇಲಿನಿಂದ ಚೀಟಿ ಬಾರದೆ ಬಹುತೇಕ ಯಾವ ಕೆಲಸವನ್ನೂ ಮಾಡುವುದಿಲ್ಲ, ಕೆಳಗಿನವರು ‘ಸಾಕು’ ಎಂದರೆ ಸುಮ್ಮನಾಗುತ್ತಾನೆ. ರಾಜನಿಗಿಂತ ಶಿರಸ್ತೇದಾರನ ಹುದ್ದೆ ಹೆಚ್ಚು ಒಪ್ಪುತ್ತದೆ.

ಇದು ಗೊತ್ತಾದದ್ದು ನಿಧಾನವಾಗಿ. 1930ರಲ್ಲಿ ಪೋಪಾ ಮತ್ತು ಫೀಲ್ಡಿಂಗ್ ಎಂಬಿಬ್ಬರು ಹೈಪೊಥಲಾಮಸ್ ಮತ್ತು ಪಿಟ್ಯುಟರಿಯ ನಡುವೆ ಓಡಾಡುವ ಸಣ್ಣ ರಕ್ತನಾಳಗಳನ್ನು ವಿವರಿಸಿದರು. ರಕ್ತ ಕೆಳಗಿನಿಂದ ಮೇಲಕ್ಕೆ ಹರಿಯುತ್ತದೆ ಎಂದುಕೊಂಡರು. ಹರಿವು ಮೇಲಿನಿಂದ ಕೆಳಕ್ಕೆ ಎಂಬುದು ಆಮೇಲೆ ತಿಳಿಯಿತು. ಬ್ರಿಟನ್ನಿನ ಜೆಫ್ರಿ ಹ್ಯಾರಿಸ್ ಅದರ ಅರ್ಥವನ್ನು ಬಿಡಿಸಿದ: ಹೈಪೊಥಲಾಮಸ್ ತನ್ನ ಸಂದೇಶಗಳನ್ನು ರಾಸಾಯನಿಕವಾಗಿ ಈ ಕಿರುನಾಳಗಳಿಗೆ ಸುರಿಯುತ್ತದೆ, ಪಿಟ್ಯುಟರಿ ಅದನ್ನು ಹೀರಿ ಕೆಲಸಕ್ಕೆ ಇಳಿಯುತ್ತದೆ. ಇಲಿಯ ಪಿಟ್ಯುಟರಿಯನ್ನು ಕಿತ್ತು ದೇಹದ ಬೇರೆ ಭಾಗದಲ್ಲಿ ನೆಟ್ಟರೆ ಅದು ಬದುಕಿದ್ದರೂ ಮಂಕಾಗುತ್ತದೆ. ಮತ್ತೆ ತಂದು ಹೈಪೊಥಲಾಮಸ್ಸಿನ ಕೆಳಗೆ ಕೂರಿಸಿದರೆ ಚೇತರಿಸಿಕೊಳ್ಳುತ್ತದೆ. ಸಂದೇಶ ಸಿಗುವ ಜಾಗ ಅದೊಂದೇ.

ಆ ಸಂದೇಶದ ರಾಸಾಯನಿಕ ಯಾವುದು ಎಂದು ಹುಡುಕುವ ಕೆಲಸ ಅಮೆರಿಕದಲ್ಲಿ ಹಠದ ಪಂದ್ಯವಾಯಿತು. ರೋಜರ್ ಗಿಯೆಮಾಂ ಕುರಿಗಳ ಹೈಪೊಥಲಾಮಸ್ ಹಿಡಿದ, ಆಂಡ್ರ್ಯೂ ಶಾಲಿ ಹಂದಿಗಳದ್ದು. ಕಸಾಯಿಖಾನೆಗಳಿಂದ ಲಕ್ಷಗಟ್ಟಲೆ ತುಣುಕುಗಳನ್ನು ತರಿಸಿ, ರುಬ್ಬಿ, ಸೋಸಿ, ಕೊನೆಗೆ 1969ರಲ್ಲಿ ಇಬ್ಬರ ತಂಡಗಳೂ ಹೆಚ್ಚುಕಡಿಮೆ ಒಟ್ಟಿಗೆ ಗುರಿ ಮುಟ್ಟಿದವು. ಸಿಕ್ಕಿದ್ದು ಬರೀ ಮೂರು ಅಮೈನೋ ಆಮ್ಲಗಳ ಪುಟ್ಟ ಅಣು, ಪಿಟ್ಯುಟರಿಗೆ ‘ಟಿಎಸ್‌ಎಚ್ ಬಿಡು’ ಎಂದು ಹೇಳುವ ಟಿಆರ್‌ಎಚ್. 1977ರ ನೊಬೆಲ್ ಇಬ್ಬರಿಗೂ ಬಂತು. ರಕ್ತದಲ್ಲಿರುವ ಅತಿ ಸೂಕ್ಷ್ಮ ಪ್ರಮಾಣದ ಹಾರ್ಮೋನನ್ನು ಅಳೆಯುವ ವಿಧಾನ ಕಂಡುಹಿಡಿದ ರೊಸಾಲಿನ್ ಯಾಲೊ ಅವರೊಂದಿಗೆ ಅದನ್ನು ಹಂಚಿಕೊಂಡರು. ಆ ವಿಧಾನ ಹುಟ್ಟದಿದ್ದರೆ ಚಿಕ್ಕಮ್ಮನ ಕೈಯಲ್ಲಿ ಆ ರಿಪೋರ್ಟ್ ಇರುತ್ತಿರಲಿಲ್ಲ.

ಯಾವ ಹಾರ್ಮೋನು ಎಲ್ಲಿಂದ ಬರುತ್ತದೆ?

ಪಿಟ್ಯುಟರಿಯ ಮುಂಭಾಗ ತಯಾರಿಸುವ ಮುಖ್ಯ ಹಾರ್ಮೋನುಗಳು ಆರು. ಥೈರಾಯ್ಡನ್ನು ಎಬ್ಬಿಸುವ ಟಿಎಸ್‌ಎಚ್, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯನ್ನು ಎಬ್ಬಿಸುವ ಎಸಿಟಿಎಚ್, ಅಂಡಾಶಯ ಮತ್ತು ವೃಷಣಗಳನ್ನು ನಡೆಸುವ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್, ಎದೆಹಾಲಿಗೆ ಬೇಕಾದ ಪ್ರೊಲ್ಯಾಕ್ಟಿನ್, ಬೆಳವಣಿಗೆಯ ಹಾರ್ಮೋನು. ಹಿಂಭಾಗ ಏನನ್ನೂ ತಯಾರಿಸುವುದಿಲ್ಲ, ಅದು ಉಗ್ರಾಣ. ಆಕ್ಸಿಟೋಸಿನ್ ಮತ್ತು ವಾಸೊಪ್ರೆಸಿನ್ ಹೈಪೊಥಲಾಮಸ್ಸಿನಲ್ಲೇ ತಯಾರಾಗಿ ನರತಂತುಗಳ ಮೂಲಕ ಇಳಿದು ಅಲ್ಲಿ ಕಾಯುತ್ತವೆ.

ಥೈರಾಯ್ಡ್ ಕಡಿಮೆಯಾದರೆ ಟಿಎಸ್‌ಎಚ್ ಏಕೆ ಹೆಚ್ಚಾಗಬೇಕು?

ಮನೆಯ ಮೇಲಿನ ನೀರಿನ ಟ್ಯಾಂಕನ್ನು ನೆನಪಿಸಿಕೊಳ್ಳಿ. ಒಳಗೆ ತೇಲುವ ಚೆಂಡು ಇರುತ್ತದೆ. ನೀರು ಇಳಿದರೆ ಚೆಂಡು ಇಳಿಯುತ್ತದೆ, ನಲ್ಲಿ ತೆರೆಯುತ್ತದೆ. ತುಂಬಿದರೆ ಚೆಂಡು ಮೇಲೇರಿ ಮುಚ್ಚುತ್ತದೆ. ಹೈಪೊಥಲಾಮಸ್ ಮತ್ತು ಪಿಟ್ಯುಟರಿ ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನನ್ನು ಹೀಗೆಯೇ ಸದಾ ಅಳೆಯುತ್ತಿರುತ್ತವೆ. ಕಡಿಮೆ ಎನಿಸಿದರೆ ಟಿಆರ್‌ಎಚ್, ಅದರಿಂದ ಟಿಎಸ್‌ಎಚ್ ಏರುತ್ತದೆ. ಸಾಕು ಎನಿಸಿದರೆ ಇಳಿಯುತ್ತದೆ. ವಯಸ್ಕರಲ್ಲಿ ಟಿಎಸ್‌ಎಚ್ ಸುಮಾರು 0.4ರಿಂದ 4ರವರೆಗೆ ಇದ್ದರೆ ಸಾಮಾನ್ಯವಾಗಿ ಸರಿ ಎನ್ನುತ್ತಾರೆ. ಬಸುರಿಯರಿಗೆ ಲೆಕ್ಕ ಬೇರೆ.

ಚೆಂಡು ಮೆಲ್ಲಗೆ ಏರುತ್ತದೆ ಎಂಬುದನ್ನೂ ಮರೆಯಬಾರದು. ಮಾತ್ರೆಯಲ್ಲಿರುವ ಥೈರಾಯ್ಡ್ ಹಾರ್ಮೋನು ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಬೇಕು. ಹಾಗಾಗಿ ಮಾತ್ರೆಯ ಪ್ರಮಾಣ ಬದಲಿಸಿದ ಮೇಲೆ ಆರರಿಂದ ಎಂಟು ವಾರ ಕಾದು ಪರೀಕ್ಷೆ ಮಾಡಿಸುತ್ತಾರೆ. ಹದಿನೈದೇ ದಿನಕ್ಕೆ ಮಾಡಿಸಿದರೆ ದುಡ್ಡು ದಂಡ. ಇನ್ನೊಂದು: ಮಾತ್ರೆ ಖಾಲಿ ಹೊಟ್ಟೆಗೆ, ನೀರಿನ ಜೊತೆಗೆ, ಕಾಫಿಗೆ ಅರ್ಧ ಗಂಟೆಯಾದರೂ ಮೊದಲು. ಚಿಕ್ಕಮ್ಮ ಹನ್ನೆರಡು ವರ್ಷವೂ ಫಿಲ್ಟರ್ ಕಾಫಿಯ ಮೊದಲ ಗುಟುಕಿನ ಜೊತೆಗೇ ನುಂಗುತ್ತಿದ್ದರು ಎಂಬುದು ಆಮೇಲೆ ಗೊತ್ತಾಯಿತು.

ಹಾಗಾದರೆ ಟಿಎಸ್‌ಎಚ್ ಸರಿಯಿದ್ದರೆ ನಿಶ್ಚಿಂತೆಯೇ?

ಬಹುಪಾಲು ಜನರಿಗೆ ಹೌದು. ಆದರೆ ಕೂಗುವವನಿಗೇ ಗಂಟಲು ಕಟ್ಟಿದ್ದರೆ? ಪಿಟ್ಯುಟರಿಯೇ ಕೆಟ್ಟಾಗ ಥೈರಾಯ್ಡ್ ಹಾರ್ಮೋನು ಪಾತಾಳಕ್ಕೆ ಇಳಿದಿದ್ದರೂ ಟಿಎಸ್‌ಎಚ್ ‘ನಾರ್ಮಲ್’ ಎಂದೇ ಮುದ್ರಣವಾಗಿ ಬರಬಹುದು. ಪಿಟ್ಯುಟರಿಯ ಬಗ್ಗೆ ಅನುಮಾನವಿದ್ದಾಗ ವೈದ್ಯರು ಟಿಎಸ್‌ಎಚ್ ಜೊತೆಗೆ ಥೈರಾಯ್ಡ್ ಹಾರ್ಮೋನನ್ನೇ ಅಳೆಯುವ ಫ್ರೀ ಟಿ4 ಕೂಡ ಬರೆಯುವುದು ಇದಕ್ಕೇ. ಅಡ್ರಿನಲ್ ಗ್ರಂಥಿಯ ಕಾರ್ಟಿಸೋಲ್ ಮತ್ತು ಎಸಿಟಿಎಚ್, ಅಂಡಾಶಯದ ಈಸ್ಟ್ರೋಜನ್ ಮತ್ತು ಎಫ್‌ಎಸ್‌ಎಚ್, ಎಲ್ಲ ಜೋಡಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಮೇಲಿನವನ ಸಂಖ್ಯೆ, ಕೆಳಗಿನವನ ಸಂಖ್ಯೆ ಎರಡನ್ನೂ ಅಕ್ಕಪಕ್ಕ ಇಟ್ಟು ಓದಬೇಕು.

ಸ್ಟಿರಾಯ್ಡ್ ಮಾತ್ರೆಯನ್ನು ಏಕಾಏಕಿ ನಿಲ್ಲಿಸಬಾರದು ಎನ್ನುತ್ತಾರಲ್ಲ, ಏಕೆ?

ಅಡ್ರಿನಲ್ ಗ್ರಂಥಿ ತಯಾರಿಸುವ ಕಾರ್ಟಿಸೋಲ್ ಇಲ್ಲದೆ ನಾವು ಬದುಕಲಾರೆವು. ರಕ್ತದೊತ್ತಡ, ಸಕ್ಕರೆ, ಕಾಯಿಲೆ ಬಂದಾಗ ತಡೆದುಕೊಳ್ಳುವ ಶಕ್ತಿ ಎಲ್ಲಕ್ಕೂ ಅದು ಬೇಕು. ಅದರ ಮಟ್ಟ ಬೆಳಿಗ್ಗೆ ಏಳುವ ಹೊತ್ತಿಗೆ ತುದಿಗೇರಿ ನಡುರಾತ್ರಿಗೆ ತಳ ಮುಟ್ಟುತ್ತದೆ. ಕಾರ್ಟಿಸೋಲ್ ಪರೀಕ್ಷೆಗೆ ಬೆಳಿಗ್ಗೆ ಎಂಟರ ಸುಮಾರಿಗೆ ಬನ್ನಿ ಎನ್ನುವುದು ಲ್ಯಾಬಿನವರ ಅನುಕೂಲಕ್ಕಲ್ಲ.

ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್‌ನಂಥ ಮಾತ್ರೆಗಳು ಕಾರ್ಟಿಸೋಲಿನದೇ ಕೆಲಸ ಮಾಡುತ್ತವೆ. ವಾರಗಟ್ಟಲೆ ಹೊರಗಿನಿಂದ ಬರುತ್ತಿದ್ದರೆ ಹೈಪೊಥಲಾಮಸ್ ಮತ್ತು ಪಿಟ್ಯುಟರಿ ‘ಟ್ಯಾಂಕ್ ತುಂಬಿದೆ’ ಎಂದು ಸುಮ್ಮನಾಗುತ್ತವೆ. ಎಸಿಟಿಎಚ್ ನಿಲ್ಲುತ್ತದೆ, ಕರೆಯಿಲ್ಲದ ಅಡ್ರಿನಲ್ ಸೊರಗುತ್ತದೆ. ಆಗ ಮಾತ್ರೆಯನ್ನು ಏಕಾಏಕಿ ಬಿಟ್ಟರೆ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ. ವಾಂತಿ, ತಲೆಸುತ್ತು, ಬಿದ್ದುಹೋದ ರಕ್ತದೊತ್ತಡ, ಪ್ರಾಣಕ್ಕೇ ಕುತ್ತು. ಅದಕ್ಕಾಗಿ ಮಾತ್ರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ. ಈ ಸರಪಳಿ ಪೂರ್ತಿ ಎಚ್ಚರಗೊಳ್ಳಲು ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ.

ಇಲ್ಲಿ ನನ್ನ ಸಿಟ್ಟನ್ನೂ ದಾಖಲಿಸುತ್ತೇನೆ. ಮಂಡಿನೋವಿಗೆ, ದಮ್ಮಿಗೆ ಹೆಸರಿಲ್ಲದ ಪೊಟ್ಟಣದಲ್ಲಿ ಪುಡಿ ಕೊಡುವವರಿದ್ದಾರೆ. ಎರಡೇ ದಿನಕ್ಕೆ ನೋವು ಮಾಯ. ಮೂರು ತಿಂಗಳಿಗೆ ಮುಖ ಹುಣ್ಣಿಮೆ ಚಂದ್ರನಂತೆ ಉಬ್ಬುತ್ತದೆ, ಹೊಟ್ಟೆಯ ಮೇಲೆ ನೇರಳೆ ಗೆರೆಗಳು, ಮುಟ್ಟಿದರೆ ಕಂದುವ ತೆಳುಚರ್ಮ. ಇಂಥ ಪುಡಿಗಳಲ್ಲಿ ಬೆರೆಸುವುದು ಹಲವು ಸಲ ಸ್ಟಿರಾಯ್ಡೇ. ಪಿಟ್ಯುಟರಿ ಗೆಡ್ಡೆಯಿಂದ ಎಸಿಟಿಎಚ್ ಹೆಚ್ಚಾದಾಗಲೂ ಇದೇ ಚಿತ್ರ. 1932ರಲ್ಲಿ ಅದನ್ನು ವಿವರಿಸಿದ ನರಶಸ್ತ್ರವೈದ್ಯ ಹಾರ್ವಿ ಕುಶಿಂಗ್ ಹೆಸರೇ ಆ ಕಾಯಿಲೆಗೆ ಬಂತು.

ಹೆಣ್ಣುಮಕ್ಕಳು ಮೈನೆರೆಯುವುದು, ತಿಂಗಳ ಮುಟ್ಟು, ಇವಕ್ಕೂ ಮಿದುಳಿಗೂ ಏನು ಸಂಬಂಧ?

ಇಡೀ ವಿಷಯದಲ್ಲಿ ನನಗೆ ಅತ್ಯಂತ ಸೋಜಿಗವೆನಿಸುವ ಭಾಗ ಇದು. ಪಿಟ್ಯುಟರಿಯಿಂದ ಎಲ್‌ಎಚ್, ಎಫ್‌ಎಸ್‌ಎಚ್ ಹೊರಡಿಸುವ ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಹೈಪೊಥಲಾಮಸ್ ಧಾರೆಯಾಗಿ ಸುರಿಸುವುದಿಲ್ಲ, ತಾಳ ಹಾಕಿದಂತೆ ಬಿಟ್ಟು ಬಿಟ್ಟು ಚಿಮ್ಮಿಸುತ್ತದೆ. ಋತುಚಕ್ರದ ಮೊದಲರ್ಧದಲ್ಲಿ ಗಂಟೆ, ಒಂದೂವರೆ ಗಂಟೆಗೊಮ್ಮೆ. ಅರ್ನೆಸ್ಟ್ ನೋಬಿಲ್ ಎಂಬ ವಿಜ್ಞಾನಿ ಕೋತಿಗಳಲ್ಲಿ ತೋರಿಸಿದ್ದೇನೆಂದರೆ, ಗಂಟೆಗೊಂದು ಚಿಮ್ಮು ಕೊಟ್ಟರೆ ಪಿಟ್ಯುಟರಿ ಕೆಲಸ ಮಾಡುತ್ತದೆ, ಅದೇ ಹಾರ್ಮೋನನ್ನು ಎಡೆಬಿಡದೆ ಕೊಟ್ಟರೆ ಕಿವುಡಾಗುತ್ತದೆ. ಸಂದೇಶ ಅಣುವಿನಲ್ಲಷ್ಟೇ ಅಲ್ಲ, ಲಯದಲ್ಲೂ ಇದೆ.

ವೈದ್ಯರು ಈ ಕಿವುಡುತನವನ್ನೇ ಬಳಸಿಕೊಂಡರು. ಎಂಟು ವರ್ಷಕ್ಕೆ ಮೊದಲೇ ಮೈನೆರೆಯುವ ಲಕ್ಷಣ ಕಾಣಿಸಿಕೊಂಡ ಕೆಲವು ಹುಡುಗಿಯರಿಗೆ ದೀರ್ಘಕಾಲ ಕೆಲಸ ಮಾಡುವ ಜಿಎನ್‌ಆರ್‌ಎಚ್ ಮಾದರಿಯ ಇಂಜೆಕ್ಷನ್ ಕೊಟ್ಟು ಪಿಟ್ಯುಟರಿಯನ್ನು ಮಲಗಿಸುತ್ತಾರೆ. ಪ್ರಾಸ್ಟೇಟ್ ಕ್ಯಾನ್ಸರಿಗೂ ಇದೇ ಉಪಾಯ. ಜಿಎನ್‌ಆರ್‌ಎಚ್ ಕೋಶಗಳನ್ನು ತಟ್ಟಿ ಎಬ್ಬಿಸುವ ಕಿಸ್‌ಪೆಪ್ಟಿನ್ ಎಂಬ ಇನ್ನೊಂದು ಅಣು ಇದೆ. ಅದನ್ನು ತಯಾರಿಸುವ ಜೀನ್ ಪತ್ತೆಯಾದದ್ದು ಅಮೆರಿಕದ ಹರ್ಷಿ ಎಂಬ ಚಾಕೊಲೇಟ್ ಊರಿನಲ್ಲಿ, ಅಲ್ಲಿಯ ‘ಕಿಸ್’ ಮಿಠಾಯಿಯ ಹೆಸರೇ ಅದಕ್ಕೆ ಅಂಟಿತು.

ತಿಂಗಳ ನಡುವೆ ಟ್ಯಾಂಕಿನ ನಿಯಮ ತಲೆಕೆಳಗಾಗುತ್ತದೆ. ಅಲ್ಲಿಯವರೆಗೆ ಪಿಟ್ಯುಟರಿಯನ್ನು ಅದುಮುತ್ತಿದ್ದ ಈಸ್ಟ್ರೋಜನ್, ಒಂದು ಮಟ್ಟ ಮೀರಿ ಎರಡು ದಿನ ಅಲ್ಲೇ ನಿಂತರೆ, ಅದನ್ನೇ ಹುರಿದುಂಬಿಸತೊಡಗುತ್ತದೆ. ಎಲ್‌ಎಚ್ ನೆರೆಯಂತೆ ಉಕ್ಕುತ್ತದೆ. ಅದು ಶುರುವಾದ ಒಂದೂವರೆ ದಿನದಲ್ಲಿ ಅಂಡಾಣು ಹೊರಬೀಳುತ್ತದೆ. ಆಮೇಲೆ ಮತ್ತೆ ಹಳೆಯ ನಿಯಮ.

ಪರೀಕ್ಷೆಯ ಒತ್ತಡ, ಊಟ ಬಿಟ್ಟು ಸಣ್ಣಗಾಗುವ ಹಟ, ಮಿತಿಮೀರಿದ ಓಟದ ತರಬೇತಿ, ಇವುಗಳಿಂದ ಮುಟ್ಟು ನಿಲ್ಲುವುದೂ ಇಲ್ಲಿಂದಲೇ. ಮನೆಯಲ್ಲಿ ಅಕ್ಕಿ ಇಲ್ಲದಾಗ ನೆಂಟರನ್ನು ಕರೆಯುವುದು ಬೇಡ ಎಂಬ ಗೃಹಿಣಿಯ ತೀರ್ಮಾನದಂತೆ ಹೈಪೊಥಲಾಮಸ್ ತಾಳ ನಿಲ್ಲಿಸುತ್ತದೆ. ಕೊಬ್ಬಿನ ಕೋಶಗಳಿಂದ ಬರುವ ಲೆಪ್ಟಿನ್ ಎಂಬ ಹಾರ್ಮೋನು ಅಕ್ಕಿ ಡಬ್ಬದ ಸುದ್ದಿ ತರುತ್ತದೆ. ಇದು 1994ರಲ್ಲಿ ಪತ್ತೆಯಾಯಿತು.

ಮಗು ಅತ್ತ ಸದ್ದಿಗೇ ತಾಯಿಯ ಎದೆ ಒದ್ದೆಯಾಗುವುದು ಹೇಗೆ?

ಆಕ್ಸಿಟೋಸಿನ್. ಮಗು ಚೀಪಿದಾಗ ಎದೆಯಿಂದ ಹೊರಟ ನರಸಂದೇಶ ಹೈಪೊಥಲಾಮಸ್ ತಲಪುತ್ತದೆ, ಉಗ್ರಾಣದಿಂದ ಆಕ್ಸಿಟೋಸಿನ್ ಬಿಡುಗಡೆಯಾಗಿ ಹಾಲಿನ ಗ್ರಂಥಿಗಳನ್ನು ಹಿಂಡುತ್ತದೆ. ಕೆಲವು ದಿನಗಳಲ್ಲಿ ಮಿದುಳು ಎಷ್ಟು ಕಲಿಯುತ್ತದೆಂದರೆ ಅಳು ಕೇಳಿದರೂ ಸಾಕು. ಹಸು ಕಟ್ಟಿದವರಿಗೆ ಇದು ಹೊಸದಲ್ಲ. ಕರು ಬಿಟ್ಟು ನಾಲ್ಕು ಗುದ್ದು ಕೊಡಿಸಿದ ಮೇಲೆ, ಕೆಚ್ಚಲು ತೊಳೆದು ಸವರಿದ ಮೇಲೆ ಹಾಲು ಇಳಿಯುತ್ತದೆ. ಹೊಸಬರು ಬಂದು ಹಸು ಬೆದರಿದರೆ ಹಾಲು ಮೇಲಕ್ಕೆ ಎಳೆದುಕೊಳ್ಳುತ್ತದೆ.

ಇದರ ದುರುಪಯೋಗವೂ ನಡೆಯಿತು. ಕರು ಸತ್ತ ಎಮ್ಮೆ, ಹಸುಗಳಿಗೆ ದಿನಾ ಆಕ್ಸಿಟೋಸಿನ್ ಚುಚ್ಚಿ ಹಾಲು ಇಳಿಸುವುದು. ಇದನ್ನು ತಡೆಯಲೆಂದು 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ದೇಶದೊಳಗಿನ ಬಳಕೆಗೆ ಖಾಸಗಿ ಕಂಪನಿಗಳು ಈ ಔಷಧ ತಯಾರಿಸಬಾರದೆಂದು ಆದೇಶಿಸಿತು. ತಯಾರಿಕೆ ಬೆಂಗಳೂರಿನ ಸಾರ್ವಜನಿಕ ಸಂಸ್ಥೆ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಸ್ಯುಟಿಕಲ್ಸ್ ಪಾಲಿಗೆ ಬಂತು. ಹೆರಿಗೆಯ ನಂತರದ ರಕ್ತಸ್ರಾವ ನಿಲ್ಲಿಸಲು ಇದೇ ಔಷಧ ಬೇಕು, ಕೊರತೆಯಾದರೆ ತಾಯಂದಿರು ಸಾಯುತ್ತಾರೆ ಎಂಬ ವಾದ ಎದ್ದಿತು. ಅದೇ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಹಾಲಿನ ಮೂಲಕ ನಮ್ಮ ಹೊಟ್ಟೆಗೆ ಬಂದರೆ ಎಂಬ ಭಯಕ್ಕೆ ಉತ್ತರ: ಆಕ್ಸಿಟೋಸಿನ್ ಒಂಬತ್ತು ಅಮೈನೋ ಆಮ್ಲಗಳ ಸರಪಳಿ, ಹೊಟ್ಟೆಗೆ ಹೋದರೆ ಬೇಳೆಯ ಪ್ರೋಟೀನಿನಂತೆ ಜೀರ್ಣವಾಗುತ್ತದೆ. ಹಿಂಸೆಯಾಗುವುದು ಹಸುವಿಗೆ.

ಬಸುರಿಯಲ್ಲ, ಬಾಣಂತಿಯಲ್ಲ, ಆದರೂ ಎದೆಯಲ್ಲಿ ಹಾಲು ಬರುತ್ತಿದೆ. ಏಕೆ?

ಪ್ರೊಲ್ಯಾಕ್ಟಿನ್ ಹೆಚ್ಚಾಗಿರಬಹುದು. ಇದರ ನಿಯಮ ವಿಚಿತ್ರ. ಉಳಿದ ಐದು ಹಾರ್ಮೋನುಗಳಿಗೆ ಹೈಪೊಥಲಾಮಸ್ ‘ಹೊರಡು’ ಎನ್ನುತ್ತಿದ್ದರೆ, ಪ್ರೊಲ್ಯಾಕ್ಟಿನ್ನಿಗೆ ಸದಾ ‘ತಡೆ’ ಎನ್ನುತ್ತಿರುತ್ತದೆ. ಆ ತಡೆಯ ಹೆಸರು ಡೋಪಮಿನ್. ನಡುವಿನ ತೊಟ್ಟಿಗೆ ಪೆಟ್ಟಾದರೆ ಉಳಿದವೆಲ್ಲ ಇಳಿದು ಇದೊಂದು ಏರುತ್ತದೆ.

ಗೆಡ್ಡೆ ಎಂದು ಗಾಬರಿಯಾಗುವ ಮೊದಲು ಮಾತ್ರೆಗಳ ಡಬ್ಬಿ ನೋಡಿ. ‘ಗ್ಯಾಸ್ಟ್ರಿಕ್’ ಎಂದು ಬೆಳಿಗ್ಗೆ ನುಂಗುವ ಕ್ಯಾಪ್ಸೂಲ್‌ಗಳಲ್ಲಿ ಹಲವು ಸಲ ಡೊಂಪೆರಿಡೋನ್ ಸೇರಿರುತ್ತದೆ. ಅದು ಡೋಪಮಿನ್‌ಗೆ ಅಡ್ಡಗಾಲು. ವಾಂತಿ ನಿಲ್ಲಿಸುವ ಮೆಟೊಕ್ಲೊಪ್ರಮೈಡ್, ಮಾನಸಿಕ ಕಾಯಿಲೆಯ ರಿಸ್ಪೆರಿಡೋನ್ ಕೂಡ ಹಾಗೆಯೇ. ಥೈರಾಯ್ಡ್ ಕೊರತೆಯಿಂದಲೂ ಏರಬಹುದು. ಗೆಡ್ಡೆಯೇ ಇದ್ದರೂ ಬಹುಪಾಲು ಜನರಿಗೆ ಶಸ್ತ್ರಕ್ರಿಯೆ ಬೇಡ; ವಾರಕ್ಕೆ ಒಂದೆರಡು ಸಲ ನುಂಗುವ ಕ್ಯಾಬರ್ಗೊಲಿನ್ ಮಾತ್ರೆಗೆ ಗೆಡ್ಡೆ ಕುಗ್ಗುತ್ತದೆ. ಮಾನಸಿಕ ಕಾಯಿಲೆಯ ಔಷಧವನ್ನು ನೀವಾಗಿ ನಿಲ್ಲಿಸಬೇಡಿ.

ಹೆರಿಗೆಯಾದ ಮೇಲೆ ಹಾಲೇ ಬರಲಿಲ್ಲ, ಮುಟ್ಟೂ ಮರಳಲಿಲ್ಲ ಎನ್ನುವವರಿದ್ದಾರಲ್ಲ?

ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿತ್ತೇ ಎಂದು ಮೊದಲು ಕೇಳಬೇಕು. ಬಸಿರಿನಲ್ಲಿ ಪಿಟ್ಯುಟರಿ ಊದಿಕೊಂಡಿರುತ್ತದೆ, ರಕ್ತದ ಬೇಡಿಕೆ ಹೆಚ್ಚಿರುತ್ತದೆ. ಆ ಹೊತ್ತಿಗೆ ರಕ್ತದೊತ್ತಡ ಕುಸಿದರೆ ಗ್ರಂಥಿಯ ಒಂದು ಭಾಗ ಸಾಯುತ್ತದೆ. 1937ರಲ್ಲಿ ಇದನ್ನು ವಿವರಿಸಿದವನು ಹೆರಾಲ್ಡ್ ಶೀಹನ್. ಆಸ್ಪತ್ರೆ ಹೆರಿಗೆ ಸಾಮಾನ್ಯವಾದ ದೇಶಗಳಲ್ಲಿ ಇದು ಅಪರೂಪ. ನಮ್ಮಲ್ಲಿ ಇನ್ನೂ ಇದೆ. ‘ಬಾಣಂತನ ಸರಿಯಾಗಲಿಲ್ಲ, ಅಂದಿನಿಂದ ಮೈ ಕೂಡಲಿಲ್ಲ’ ಎಂದು ಹತ್ತಿಪ್ಪತ್ತು ವರ್ಷ ಸುಸ್ತು, ಚಳಿ, ಬಿಳಚಿದ ಮೈಯಲ್ಲೇ ಬದುಕಿದ ಹೆಂಗಸರಿದ್ದಾರೆ. ಕಾರ್ಟಿಸೋಲ್ ಮತ್ತು ಥೈರಾಯ್ಡ್ ಮಾತ್ರೆ ಅವರಿಗೆ ಜೀವ ಕೊಡುತ್ತದೆ. ಮೊದಲು ಕಾರ್ಟಿಸೋಲ್, ಆಮೇಲೆ ಥೈರಾಯ್ಡ್. ಈ ಕ್ರಮ ತಪ್ಪಿದರೆ ಅಪಾಯ.

ಗದ್ದೆ ತೋಟಗಳಲ್ಲಿ ದುಡಿಯುವವರು ತಿಳಿದಿರಬೇಕಾದ ಇನ್ನೊಂದು ಕಾರಣ ಕೊಳಕುಮಂಡಲದ ಕಡಿತ. ಆ ವಿಷ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನೇ ಹಾಳುಮಾಡುತ್ತದೆ, ಪಿಟ್ಯುಟರಿಯ ಒಳಗೂ ಹೆಪ್ಪು, ರಕ್ತಸ್ರಾವ ಆಗಬಹುದು. 1987ರಲ್ಲಿ ಬರ್ಮಾದ ರೋಗಿಗಳಲ್ಲಿ ಇದರ ವಿವರವಾದ ವರದಿ ಬಂತು, ದಕ್ಷಿಣ ಭಾರತದಿಂದಲೂ ಬಂದಿವೆ. ಹಾವು ಕಚ್ಚಿ ಬದುಕಿದ ಗಂಡಸಿಗೆ ತಿಂಗಳುಗಳ ಮೇಲೆ ಗಡ್ಡ ವಿರಳವಾಗಿ, ಎದ್ದು ನಿಂತರೆ ತಲೆ ಸುತ್ತುತ್ತಿದ್ದರೆ ‘ವಿಷ ಇನ್ನೂ ಮೈಯಲ್ಲಿದೆ’ ಎಂದು ಮನೆಮದ್ದಿಗೆ ಹೋಗುವ ಬದಲು, ಕಚ್ಚಿದ ಹಾವಿನ ಕಥೆಯನ್ನು ವೈದ್ಯರಿಗೆ ಹೇಳಬೇಕು.

ಸಕ್ಕರೆ ಇಲ್ಲದ ಡಯಾಬಿಟಿಸ್ ಎಂದರೇನು?

ವಾಸೊಪ್ರೆಸಿನ್ ಮೂತ್ರಪಿಂಡಕ್ಕೆ ‘ನೀರು ಉಳಿಸು’ ಎನ್ನುವ ಹಾರ್ಮೋನು. ಅದು ಇಲ್ಲವಾದರೆ ದಿನಕ್ಕೆ ಒಂದೆರಡು ಲೀಟರ್ ಹೋಗಬೇಕಾದ ಮೂತ್ರ ಹತ್ತು ಲೀಟರ್ ಮೀರಬಹುದು, ಅದೂ ನೀರಿನಷ್ಟು ತಿಳಿಯಾಗಿ. ಡಯಾಬಿಟಿಸ್ ಇನ್ಸಿಪಿಡಸ್ ಎಂಬ ಹೆಸರಿನಲ್ಲಿ ‘ಇನ್ಸಿಪಿಡಸ್’ ಎಂದರೆ ಸಪ್ಪೆ. ಹಿಂದಿನ ವೈದ್ಯರು ಮೂತ್ರದ ರುಚಿ ನೋಡಿಯೇ ಹೇಳುತ್ತಿದ್ದರು. ಸಕ್ಕರೆ ಕಾಯಿಲೆಯೆಂದು ತಪ್ಪು ತಿಳಿದು ಆಸ್ಪತ್ರೆಗಳಲ್ಲೇ ಅನಾಹುತಗಳಾದ್ದರಿಂದ 2022ರಲ್ಲಿ ತಜ್ಞರು ಹೆಸರನ್ನೇ ‘ಆರ್ಜಿನಿನ್ ವಾಸೊಪ್ರೆಸಿನ್ ಕೊರತೆ’ ಎಂದು ಬದಲಿಸಲು ಹೇಳಿದರು.

ಮಗ ಕುಳ್ಳಗಿದ್ದಾನೆ. ಬೆಳವಣಿಗೆಯ ಹಾರ್ಮೋನು ಪುಡಿ ಕೊಡಬಹುದೇ?

ಪುಡಿಯಲ್ಲಿ ಹಾರ್ಮೋನು ಇರುವುದಿಲ್ಲ, ಇದ್ದರೂ ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ. ನಿಜವಾದ ಕೊರತೆ ಇದ್ದವರಿಗೆ ಇಂಜೆಕ್ಷನ್ ಇದೆ. ಹಿಂದೆ ಅದನ್ನು ಸತ್ತವರ ಪಿಟ್ಯುಟರಿಯಿಂದ ತೆಗೆಯುತ್ತಿದ್ದರು. ಪಡೆದ ಕೆಲವರಿಗೆ ಮಿದುಳು ತಿನ್ನುವ ಮಾರಕ ಕಾಯಿಲೆ ಅಂಟಿದ್ದು ತಿಳಿದು 1985ರಲ್ಲಿ ಹಲವು ದೇಶಗಳಲ್ಲಿ ಅದು ನಿಂತಿತು, ಜೀನ್ ತಂತ್ರಜ್ಞಾನದ ಹಾರ್ಮೋನು ಬಂತು. ಮೂಳೆಯ ಬೆಳೆಯುವ ತುದಿ ಬೆಸೆದುಕೊಂಡ ಮೇಲೆ ಅದೂ ಎತ್ತರ ಕೊಡದು. ಆಗ ಹಾರ್ಮೋನು ಹೆಚ್ಚಾದರೆ ಬೆಳೆಯುವುದು ಕೈ, ಕಾಲು, ದವಡೆ. ಉಂಗುರ ಬಿಗಿಯಾಗುತ್ತದೆ, ಚಪ್ಪಲಿಯ ನಂಬರ್ ಏರುತ್ತದೆ. ತುದಿ ಬೆಸೆಯುವ ಮೊದಲೇ ಹೆಚ್ಚಾದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ರಾಬರ್ಟ್ ವಾಡ್ಲೊ ಸಾಕ್ಷಿ: ಎತ್ತರ 272 ಸೆಂಟಿಮೀಟರ್, ಆಯುಸ್ಸು 22 ವರ್ಷ.

ತಲೆನೋವಿಗೆ ಎಂಆರ್‌ಐ ಮಾಡಿಸಿದರೆ ಪಿಟ್ಯುಟರಿ ಗೆಡ್ಡೆ ಎಂದು ಬಂದಿದೆ. ಕ್ಯಾನ್ಸರೇ?

ಬಹುತೇಕ ಖಂಡಿತ ಅಲ್ಲ. ನೂರು ಜನರ ತಲೆ ಹುಡುಕಿದರೆ ಸುಮಾರು ಹತ್ತು ಮಂದಿಯಲ್ಲಿ ಸಣ್ಣ ಗಂಟು ಸಿಗುತ್ತದೆ, ಹೆಚ್ಚಿನವು ಏನೂ ಮಾಡುವುದಿಲ್ಲ. ಎರಡು ವಿಷಯ ನೋಡಬೇಕು. ಹಾರ್ಮೋನು ಉಕ್ಕಿಸುತ್ತಿದೆಯೇ? ಮೇಲಕ್ಕೆ ಬೆಳೆದು ಕಣ್ಣಿನ ನರಗಳನ್ನು ಒತ್ತುತ್ತಿದೆಯೇ? ಒತ್ತಿದರೆ ಎರಡೂ ಬದಿಯ ನೋಟ ಕಳೆದುಹೋಗುತ್ತದೆ. ಎದುರಿನ ಅಕ್ಷರ ಸ್ಪಷ್ಟ, ಆದರೆ ಪಕ್ಕದಿಂದ ಬಂದ ಸ್ಕೂಟರ್ ಕಾಣುವುದಿಲ್ಲ, ಬಾಗಿಲ ಚೌಕಟ್ಟಿಗೆ ಭುಜ ತಾಗುತ್ತದೆ. ಹಠಾತ್ತಾಗಿ ಸಿಡಿಲಿನಂಥ ತಲೆನೋವು ಬಂದು ಜೊತೆಗೇ ಕಣ್ಣು ಮಂಜಾದರೆ ಕಾಯಬಾರದು, ಆ ರಾತ್ರಿಯೇ ಆಸ್ಪತ್ರೆ.

ಜ್ವರಕ್ಕೂ ಹೈಪೊಥಲಾಮಸ್ಸೇ ಕಾರಣವೇ?

ಹೌದು. ಸೋಂಕು ಬಂದಾಗ ಅದು ಮೈಬಿಸಿಯ ಗುರಿಯನ್ನೇ ಮೇಲೇರಿಸುತ್ತದೆ. 37 ಡಿಗ್ರಿ ಇದ್ದ ಮೈಗೆ 39 ಬೇಕೆನಿಸಿ ಚಳಿಯಾಗುತ್ತದೆ, ಕಂಬಳಿ ಕೇಳುತ್ತದೆ. ಪ್ಯಾರಾಸಿಟಮಾಲ್ ಆ ಗುರಿಯನ್ನು ಇಳಿಸುತ್ತದೆ, ಆಮೇಲೆ ಬೆವರು.

ಹಾರ್ಮೋನ್ ಪರೀಕ್ಷೆಗೆ ಹೋಗುವಾಗ ಏನು ಒಯ್ಯಬೇಕು?

ನುಂಗುವ ಎಲ್ಲ ಮಾತ್ರೆಗಳ ಪಟ್ಟಿ, ಪುಡಿ, ಮುಲಾಮು, ಆಯುರ್ವೇದದ್ದೂ ಸೇರಿಸಿ. ಕೊನೆಯ ಮುಟ್ಟಿನ ದಿನಾಂಕ. ರಕ್ತ ಕೊಟ್ಟ ಗಂಟೆ. ಮುಖ ಬದಲಾಗಿದೆ ಎಂಬ ಅನುಮಾನವಿದ್ದರೆ ಹತ್ತು ವರ್ಷ ಹಿಂದಿನ ಮದುವೆ ಫೋಟೊ. ಕನ್ನಡಿಯಲ್ಲಿ ದಿನಾ ನೋಡಿಕೊಳ್ಳುವವರಿಗೆ ತಿಳಿಯದ ಬದಲಾವಣೆ ಅಲ್ಲಿ ಕಾಣುತ್ತದೆ.

ಕೊನೆಗೆ ಚಿಕ್ಕಮ್ಮನ ಟಿಎಸ್‌ಎಚ್ ಎಷ್ಟಾಯಿತು?

ವೈದ್ಯರು ಮಾತ್ರೆಯ ಪ್ರಮಾಣ ಹೆಚ್ಚಿಸಲಿಲ್ಲ. ಹಳೆಯ ಇಡೀ ಮಾತ್ರೆಯನ್ನೇ ಏಳುತ್ತಲೇ ನೀರಿನ ಜೊತೆ ನುಂಗಲು ಹೇಳಿದರು, ಕಾಫಿ ಅರ್ಧ ಗಂಟೆ ತಡ. ಎಂಟು ವಾರಕ್ಕೆ 3.1 ಬಂತು. ಈಗ ಆ ಅರ್ಧ ಗಂಟೆ ಗಡಿಯಾರದ ಎದುರು ಕುಳಿತಿರುತ್ತಾರೆ, ಡಿಕಾಕ್ಷನ್ ಇಳಿಯುವ ಸದ್ದು ಕೇಳುತ್ತಾ.